ಉದ್ಯೋಗವೂ ಹಿಮಗಿರಿಯೂ

ವಿದ್ಯಾಭ್ಯಾಸವನ್ನು ಮುಗಿಸಿದ ತರುಣನು ‘ಯಾವ ಉದ್ಯೋಗ?’ ಎಂದು ಕೇಳಿಕೊಳ್ಳುವುದು ವಾಡಿಕೆ. ‘ಯಾವ ಊರು?’ ಎಂಬುದನ್ನು ನಮ್ಮಲ್ಲಿ ಕೇಳುವವರು ವಿರಳ. ಉದ್ಯೋಗವು ಎಲ್ಲಿಗೆ ಕರೆಯುವುದೋ ಅದೇ ಊರು. ಉಪಾಧ್ಯಾಯವೃತ್ತಿಯಲ್ಲಿ ಮೂವತ್ತು ವರ್ಷಗಳನ್ನು ಕಳೆದ ನಾನೂ ವರ್ಗವಾದೆಡೆಗೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋದವನೇ. ಹೀಗಿರುವಲ್ಲಿ, ಅಮೆರಿಕದ ಓಹಾಯೋ ಪ್ರಾಂತದಲ್ಲಿ ಹುಟ್ಟಿ ಬೆಳೆದ ನನ್ನ ತಂಗಿಯ ಮಗನು, ಇಂಜನಿಯರಿಂಗು ಪದವಿ ಕೈಗೆ ಬಂದ ತಿಂಗಳಲ್ಲಿಯೇ, ಊರನ್ನು ನೋಡಿ ಉದ್ಯೋಗವನ್ನು ಆರಿಸುವೆನೆಂದು ಹೇಳಿದಾಗ ಮನೆಯವರೆಲ್ಲರೂ ಗಲಿಬಿಲಿಗೊಂಡುದು ಸಹಜವಷ್ಟೆ.

ಅವನಿಗೆ ಎರಡು ಕೆಲಸಗಳು ದೊರೆತಿದ್ದವು. ಷಿಕಾಗೋ ನಗರದಲ್ಲಿ ಒಂದು. ಯೂಟಾ ಪ್ರಾಂತದ ಸಾಲ್ಟ್ ಲೇಕ್ ಸಿಟಿಯಲ್ಲಿ ಇನ್ನೊಂದು. ಎರಡನೆಯದರ ವೇತನವು ಐದರಲ್ಲೊಂದು ಪಾಲು ಕಡಮೆ. ಅವನು ಅದನ್ನೇ ಬಯಸಿದನು. ಕಾರಣವೇನೆಂದರೆ, ನೀಳವಾದ ಎರಡು ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡು ಹಿಮಪರ್ವತದ ಇಳಿಜಾರಿನಲ್ಲಿ ಜಾರಿಬರುವ ಸ್ಕೀಯಿಂಗ್ ಎಂಬ ಕ್ರೀಡೆಯಲ್ಲಿ ಅವನಿಗಿರುವ ಆಸಕ್ತಿ. ನನ್ನ ತಂಗಿಯು ಟೆಲಿಫೋನಿನಲ್ಲಿ, “ಅಣ್ಣಾ, ನೀನಾದರೂ ಒಂದು ಮಾತು ಹೇಳು. ಸೋದರಮಾವನ ಮಾತೆಂದರೆ ಕೇಳುತ್ತಾನೆ” ಎಂದಳು. ವಿದ್ಯಾಭ್ಯಾಸಕ್ಕೆ ಮಾಡಿದ ಸಾಲವಿನ್ನೂ ತೀರಿಲ್ಲವೆಂದಳು. ಆದರೆ ಅವಳು ಬಾಯಿಬಿಟ್ಟು ಆಡದ ಮಾತು ಬೇರೆಯೊಂದಿತ್ತು. ಹಿಂದಿನ ವರ್ಷ ಅವಳ ಯಜಮಾನರಿಗೆ ಹೃದಯದ ಚಿಕಿತ್ಸೆಯಾಗಿತ್ತು. ಷಿಕಾಗೋದಿಂದಾದರೆ ಮಗನು ಮೋಟಾರಿನಲ್ಲಿ ಒಂದು ಹಗಲಿನೊಳಗೆ ಮನೆಯನ್ನು ಸೇರಬಲ್ಲನು. ಸಾಲ್ಟ್ ಲೇಕ್ ಎಂದರೆ ಅರ್ಧ ಖಂಡದಾಚೆಯ ಮಾತು.

ಹಿಮವೆಂದರೇನೆಂಬುದನ್ನು ಕಣ್ಣಾರೆ ಕಂಡವನಲ್ಲ ನಾನು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದಾಗ ತುಷಾರ, ತುಹಿನ, ನೀಹಾರ, ಪ್ರಾಲೇಯ ಎಂಬ ಹೆಸರುಗಳೆಲ್ಲ ನಾಲಗೆಗೆ ಬಂದವು. ಪದಾರ್ಥವು ಮಾತ್ರ ಬಾರದೆ ಉಳಿಯಿತು. ಆದುದರಿಂದ ಬುದ್ಧಿ ಹೇಳುವ ಮೊದಲು ವಿಷಯವನ್ನು ತಿಳಿಯುವುದು ಕರ್ತವ್ಯವೆಂದೆಣಿಸಿ, ದೊರೆತುದನ್ನು ಓದಿದೆನು. ಅದರಲ್ಲಿ, ನಾರ್ವೆ ದೇಶದ ಟೆಲಿಮಾರ್ಕ್ ಪ್ರಾಂತದಲ್ಲಿ ಹುಟ್ಟಿದ ಇಬ್ಬರ ಚರಿತ್ರೆಯು ನನ್ನ ಮನಸ್ಸಿನಲ್ಲಿ ನಿಂತಿತು.

ಮೊದಲನೆಯವನು ಸೊಂದ್ರೆ ನೂರ್‌ಹೈಮ್. 1825ರಲ್ಲಿ ಹುಟ್ಟಿದ ಈ ಬಡ ಗೇಣಿದಾರನನ್ನು ಈ ಕ್ರೀಡೆಯ ಆಧುನಿಕ ರೂಪದ ಜನಕನೆನ್ನುವರು. 1868ರಲ್ಲಿ ಇಂದು ಆಸ್ಲೋ ಎಂದು ಕರೆಯುವ ರಾಜಧಾನಿಗೆ ಬಂದು, ಅಲ್ಲಿಯವರನ್ನು ಬೆರಗುಗೊಳಿಸಿ ಗೆದ್ದವನು. ಅಂಥವನು ಜೀವನೋಪಾಯವನ್ನರಸಿ 1884ರಲ್ಲಿ ಅಮೆರಿಕಕ್ಕೆ ಹೋಗಿ, ಕಡೆಗೆ ಉತ್ತರ ಡಕೋಟಾದ ಬಯಲಿನಲ್ಲಿ ನೆಲಸಿದನು. ಅಲ್ಲಿ ಹಿಮವುಂಟು, ಇಳಿಜಾರಿಲ್ಲ. 1897ರಲ್ಲಿ ತೀರಿಕೊಳ್ಳುವವರೆಗೂ ಅವನ ಮನೆಯ ಬಾಗಿಲ ಬಳಿ ಒಂದು ಜೊತೆ ಹಲಗೆಗಳು ನಿಂತೇ ಇರುತ್ತಿದ್ದವೆಂದು ಹೇಳುವರು.

ಎರಡನೆಯವನು, 1827ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಜಾನ್ ಥಾಮ್ಸನ್. ಇವನು 1856ರಿಂದ 20 ಚಳಿಗಾಲಗಳು ಹಲಗೆಗಳ ಮೇಲೆ ಸಿಯೆರಾ ನೆವಾಡಾ ಪರ್ವತವನ್ನು ದಾಟಿ ಅಂಚೆಯನ್ನು ಸಾಗಿಸಿದನು. ಸುಮಾರು 90 ಮೈಲಿಯ ದಾರಿ. ಹೋಗಲು 3 ದಿನ, ಬರಲು 2 ದಿನ. ತಕ್ಕ ಸಂಬಳಕ್ಕಾಗಿ ರಾಜಧಾನಿಯವರೆಗೂ ಹೋಗಿ ಬೇಡಿದರೂ ಸರಕಾರದಿಂದ ಅದು ದೊರೆಯಲಿಲ್ಲ. ಒಬ್ಬನಿಗೆ ಅನ್ನವನ್ನಿತ್ತ ನೆಲದಲ್ಲಿ ಪರ್ವತವಿರಲಿಲ್ಲ. ಇನ್ನೊಬ್ಬನಿಗೆ ಪರ್ವತವಿತ್ತು, ವೇತನವಿರಲಿಲ್ಲ.

ಈ ಕಷ್ಟವು ಇಂದಿಗೂ ತೀರಿದಂತಿಲ್ಲ. ಸಾಲ್ಟ್ ಲೇಕಿನ ನೆರೆಯ ಪಾರ್ಕ್ ಸಿಟಿಯೆಂಬ ಗಿರಿನಗರದಲ್ಲಿ, ಕ್ರೀಡಾರ್ಥಿಗಳನ್ನು ಅಪಾಯದಿಂದ ಕಾಯುವ ಕೆಲಸಗಾರರು 2024ರ ಡಿಸೆಂಬರಿನ ಕಡೆಯಲ್ಲಿ, ಗಂಟೆಗೆ 21 ಡಾಲರಿದ್ದ ಆರಂಭದ ಕೂಲಿಯನ್ನು 23ಕ್ಕೆ ಏರಿಸಬೇಕೆಂದು ಸುಮಾರು ಎರಡು ವಾರ ಮುಷ್ಕರ ಹೂಡಿದರು. ಧನಿಕರು ವಿಹಾರಕ್ಕೆ ಬರುವ ಊರಿನಲ್ಲಿ ಬಾಡಿಗೆ ತೆತ್ತು ಬಾಳುವುದು ದುಡಿಯುವವನಿಗೆ ದುಸ್ತರ. ಪರ್ವತವನ್ನೇ ನಂಬಿ ಬದುಕುವೆನೆಂದು ಹುಡುಗನು ಹೊರಟಿದ್ದರೆ ನಾನು ಖಂಡಿತವಾಗಿ ತಡೆಯುತ್ತಿದ್ದೆನು.

ಆದರೆ ಅವನು ಆರಿಸಿದ ನಗರವು ಬೇರೆ ಬಗೆಯದು. ಅಲ್ಲಿಯ ವಿಶ್ವವಿದ್ಯಾನಿಲಯವು, ಇಂದಿನ ಅಂತರ್ಜಾಲಕ್ಕೆ ಮೂಲವಾದ ಗಣಕಜಾಲದಲ್ಲಿ 1969ರಲ್ಲಿಯೇ ನಾಲ್ಕನೆಯ ಸ್ಥಾನವಾಗಿ ಸೇರಿದುದು. ಯಂತ್ರವಿದ್ಯೆಯನ್ನು ಬಲ್ಲವರಿಗೆ ಉದ್ಯೋಗಗಳು ಹಲವುಂಟು. ಒಂದು ತಪ್ಪಿದರೆ ಇನ್ನೊಂದನ್ನು ಅಲ್ಲಿಯೇ ಹುಡುಕಬಹುದು. ದಾರಿ ತೆರವಾಗಿದ್ದರೆ ಒಂದು ಗಂಟೆಯೊಳಗೆ ಆಲ್ಟಾ ಎಂಬ ಎಡೆಯನ್ನು ಮುಟ್ಟಬಹುದು. ಹಿಂದೆ ಬೆಳ್ಳಿಯ ಗಣಿಯಿದ್ದ ಆ ಸ್ಥಳದಲ್ಲಿ ಜನರನ್ನು ಮೇಲಕ್ಕೊಯ್ಯುವ ಕುರ್ಚಿಯಂತ್ರವು 1939ರಲ್ಲಿಯೇ ಓಡತೊಡಗಿತು. ವರ್ಷಕ್ಕೆ ಸರಾಸರಿ 40 ಅಡಿಗೂ ಮಿಕ್ಕಿ ಹಿಮ ಬೀಳುವುದು. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಕು ಕೊಡುವುದಕ್ಕೆ ಶಾಸ್ತ್ರಜ್ಞರು ದೇಹಲೀದೀಪನ್ಯಾಯವೆಂದು ಹೆಸರಿಟ್ಟಿರುವರು. ಈ ನಗರವು ಅಂತಹ ಹೊಸ್ತಿಲೆಂದು ನನಗೆ ತೋರಿತು. ದೋಷಗಳಿಲ್ಲವೆಂದಲ್ಲ. ಚಳಿಗಾಲದಲ್ಲಿ ತಣ್ಣನೆಯ ಗಾಳಿಯು ಕಣಿವೆಯಲ್ಲಿ ಮಡುಗಟ್ಟಿ ಹೊಗೆಯನ್ನು ಹಿಡಿದಿಡುವುದು. ಹಿಮಕುಸಿತದ ಭಯವಾದಾಗ ಪರ್ವತದ ರಸ್ತೆಯನ್ನು ಮುಚ್ಚಿಬಿಡುವರು.

ಇಷ್ಟನ್ನು ತಿಳಿದ ಬಳಿಕ ಹುಡುಗನೊಡನೆ ಮಾತನಾಡಿದೆನು. ಷಿಕಾಗೋದಲ್ಲಿ ದುಡಿದು ವರ್ಷಕ್ಕೊಂದು ವಾರ ಪರ್ವತಕ್ಕೆ ಹೋದರಾಗದೆ ಎಂದು ಕೇಳಿದುದಕ್ಕೆ ಅವನು, “ಮಾವಾ, ನೀವು ವರ್ಷಕ್ಕೆ ಒಂದೇ ವಾರ ಪುಸ್ತಕ ಓದುತ್ತೀರಾ?” ಎಂದನು. ನನಗೆ ನಗು ಬಂದಿತು. ಆದರೂ ಕೇಳಬೇಕಾದುದನ್ನು ಕೇಳಿದೆನು: “ನಿಮ್ಮಪ್ಪನಿಗೆ ಆರೋಗ್ಯ ತಪ್ಪಿದರೆ ಪರ್ವತವನ್ನು ಬಿಟ್ಟು ಬರುವೆಯಾ?” ಸ್ವಲ್ಪ ಹೊತ್ತು ಮೌನ. ಬಳಿಕ, “ಬರುತ್ತೇನೆ ಮಾವಾ. ಆದರೆ ಅದಕ್ಕಾಗಿ ಈಗಲೇ ಬಿಡಬೇಕೆ?” ಎಂದನು.

ಈ ಪ್ರಶ್ನೆಗೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ನಮ್ಮ ವ್ಯಾಖ್ಯಾನಕಾರರು ಬಿಡಿಸಿ ಹೇಳಿರುವರು. ಹಿರಿಯರಾದ ನಾವು ಮಕ್ಕಳ ಕ್ಷೇಮವನ್ನೇ ಚಿಂತಿಸುತ್ತ, ಯೋಗಕ್ಕೆ ಒಂದು ವಯಸ್ಸುಂಟೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವೇತನವು ನಲವತ್ತರಲ್ಲಿಯೂ ಏರಬಹುದು. ಇಪ್ಪತ್ತೆರಡರ ಮೊಣಕಾಲು ಮರಳಿ ಬಾರದು. ಆದರೆ ತಾಯಿಯ ಕಳವಳವೂ ಅಷ್ಟೇ ದಿಟವಾದುದು. ಆದುದರಿಂದ, ಪರ್ವತದ ಟಿಕೆಟ್ಟಿಗಿಂತ ಮೊದಲು ಸಾಲದ ಕಂತು ಸಲ್ಲಬೇಕು, ಊರಿಗೆ ಬರುವ ವಿಮಾನದ ಖರ್ಚನ್ನು ಬೇರೆಯಾಗಿ ಕೂಡಿಟ್ಟಿರಬೇಕು ಎಂದು ಎರಡು ಕಟ್ಟಳೆಗಳನ್ನು ವಿಧಿಸಿದೆನು. ಅವನು ಎರಡಕ್ಕೂ ಒಪ್ಪಿದನು.

ತಂಗಿಗೆ, “ಕಳುಹಿಸು” ಎಂದೆನು. ಅವಳು ಕೋಪಿಸಿಕೊಳ್ಳುವಳೆಂದಿದ್ದೆ, ಅವಳು, “ಅಲ್ಲಿ ಚಳಿ ಬಹಳವಂತೆ, ಅಣ್ಣಾ” ಎಂದಷ್ಟೇ ಹೇಳಿದಳು. ಅವನು ಹೋಗಿ ಒಂದು ಚಳಿಗಾಲ ಕಳೆದಿದೆ. ವಿಮಾನದ ಖರ್ಚಿಗೆಂದಿಟ್ಟ ಹಣವು, ದೇವರ ದಯದಿಂದ, ದೀಪಾವಳಿಗೆ ಮನೆಗೆ ಬರುವುದಕ್ಕೆ ಮಾತ್ರ ವೆಚ್ಚವಾಗಿದೆ.