ನಲವತ್ತೇ ತಾನೇ!

ನಾನು ಇಂಡಿ ತಾಲ್ಲೂಕಿನವನು, ಬಿಸಿಲು ಹೊಸದಲ್ಲ. ಪುಣೆಯ ಹಿಂಜವಡಿಯಲ್ಲಿ ಕಟ್ಟಡದ ಸೂಪರ್‌ವೈಸರ್ ಆಗಿ ಸೇರಿದಾಗ, ವಿಜಯಪುರದ ಬೇಸಿಗೆ ಉಂಡವನಿಗೆ ಇಲ್ಲಿನದು ಯಾವ ಲೆಕ್ಕ ಎಂದು ಊರಿನವರು ನಗುತ್ತಿದ್ದರು. 2019ರ ಏಪ್ರಿಲ್ ಕೊನೆಗೆ ಶಿವಾಜಿನಗರದ ಹವಾಮಾನ ಕೇಂದ್ರದಲ್ಲಿ 43 ಡಿಗ್ರಿ ದಾಖಲಾಯಿತು. ನಾನು ಬಿದ್ದದ್ದು ಆ ದಿನಗಳಲ್ಲೇ.

ಮೇಲಿನ ಮಹಡಿಯ ಸ್ಲ್ಯಾಬಿಗೆ ಕಬ್ಬಿಣ ಕಟ್ಟುತ್ತಿದ್ದರು. ಸರಳು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ; ಹುಡುಗರು ಅಂಗೈಗೆ ಹಳೇ ಸೈಕಲ್ ಟ್ಯೂಬ್ ಸುತ್ತಿಕೊಂಡಿದ್ದರು. ಮರುದಿನ ಕಾಂಕ್ರೀಟ್ ಹಾಕಬೇಕಿತ್ತು, ಮಧ್ಯಾಹ್ನವೂ ಕೆಲಸ ನಿಲ್ಲಲಿಲ್ಲ. ಮೊದಲು ಮೀನಖಂಡ ಹಿಡಿದುಕೊಂಡಿತು. ಆಮೇಲೆ ತಲೆನೋವು, ವಾಂತಿ. ತೊಯ್ದಿದ್ದ ಅಂಗಿ ಮೈಮೇಲೇ ಒಣಗಿತು. ಬೆವರು ನಿಂತಿದ್ದಕ್ಕೆ ತುಸು ಹಾಯೆನಿಸಿದ್ದೂ ನೆನಪಿದೆ. ಮುಂದಿನದು ಜೊತೆಯವರು ಹೇಳಿದ್ದು.

ಏನೇನೋ ಬಡಬಡಿಸತೊಡಗಿದೆನಂತೆ. ಕೆಳಗಿಳಿಸಿ ನೆರಳಲ್ಲಿ ಮಲಗಿಸಿದರು. ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಡಿಜಿಟಲ್ ಥರ್ಮಾಮೀಟರ್ 40.8 ತೋರಿಸಿತು. “ನಲವತ್ತ ಅಲ್ಲೇನು? ಹೊರಗ ಇದಕ್ಕಿಂತ ಜಾಸ್ತಿ ಐತಿ” ಎಂದ ಒಬ್ಬ, ಜ್ವರದ ಮಾತ್ರೆ ಹುಡುಕತೊಡಗಿದ. ಅಫಜಲಪುರ ಕಡೆಯ ಹಿರಿಯ ಗೌಂಡಿಯೊಬ್ಬರು ಅಂಕಿ ನೋಡಲೇ ಇಲ್ಲ. ಎದೆಯ ಮೇಲೆ ಕೈಯಿಟ್ಟು, “ಮೈ ಹಂಚಾಗೇದ, ಹನಿ ಬೆವರಿಲ್ಲ. ಗೋಣಿಚೀಲ ತರ್ರೋ ಮೊದಲ!” ಎಂದು ಕೂಗಿದರಂತೆ. ಕ್ಯೂರಿಂಗಿಗೆಂದು ಕಂಬಗಳಿಗೆ ಸುತ್ತಿದ್ದ ಒದ್ದೆ ಚೀಲಗಳನ್ನು ಬಿಚ್ಚಿ ತಂದು ಕುತ್ತಿಗೆ, ಕಂಕುಳು, ತೊಡೆಸಂದಿಗೆ ಹಾಕಿದರು. ಒಬ್ಬ ಪೈಪಿನಿಂದ ನೀರು ಬಿಟ್ಟ, ಇಬ್ಬರು ಪ್ಲೈವುಡ್ ತುಂಡು ಹಿಡಿದು ಗಾಳಿ ಬೀಸಿದರು. 108 ಬರುವವರೆಗೂ ನಿಲ್ಲಿಸಲಿಲ್ಲ.

ಆಸ್ಪತ್ರೆಯ ಕೇಸ್ ಪೇಪರಿನಲ್ಲಿ ಅದೇ ಕಾವು 105.4 ಆಗಿತ್ತು. ಅದನ್ನು ಓದಿದಾಗಲೇ ನನ್ನ ಹೆಂಡತಿ ಕುಸಿದು ಕೂತಿದ್ದು. ನಮ್ಮಲ್ಲಿ ಬಿಸಿಲನ್ನು ಸೆಲ್ಸಿಯಸ್‌ನಲ್ಲಿ ಕೇಳುತ್ತೇವೆ, ಜ್ವರವನ್ನು ಫ್ಯಾರನ್‌ಹೀಟ್‌ನಲ್ಲಿ ಅಳೆಯುತ್ತೇವೆ. 104 ಎಂದರೆ ಮನೆಯೆಲ್ಲ ಎದ್ದು ನಿಲ್ಲುತ್ತದೆ. 40 ಎಂದರೆ ಏಪ್ರಿಲ್ ತಿಂಗಳ ಮಾಮೂಲು ಸುದ್ದಿ. ಎರಡೂ ಒಂದೇ. ಫ್ಯಾರನ್‌ಹೀಟ್‌ನ 98.6 ಸೆಲ್ಸಿಯಸ್‌ನ 37. ಅಲ್ಲಿಂದ ಮೂರೇ ಡಿಗ್ರಿ ಏರಿದರೆ ಪ್ರಾಣಕ್ಕೆ ಸಂಚಕಾರ. ಹೊರಗೆ 43 ಇದ್ದರೂ ಮನುಷ್ಯ ಬದುಕುವುದು ಬೆವರು ಆರುತ್ತಾ ಒಳಗನ್ನು 37ರ ಆಸುಪಾಸಿನಲ್ಲಿ ಹಿಡಿದಿಡುವುದರಿಂದ. ಆ ಏರ್ಪಾಡು ಕೈಕೊಟ್ಟ ಮೇಲೆ ಜ್ವರದ ಮಾತ್ರೆಯಿಂದ ಕಾವು ಇಳಿಯುವುದಿಲ್ಲ, ಮೈಯನ್ನು ಹೊರಗಿನಿಂದಲೇ ತಣಿಸಬೇಕು ಎಂದರು ವೈದ್ಯರು.

ಮೂತ್ರಪಿಂಡ ಸುಧಾರಿಸಲು ವಾರಗಳೇ ಹಿಡಿದವು. ಈಗಲೂ ಬಿಸಿಲಲ್ಲಿ ಹೆಚ್ಚು ಹೊತ್ತು ನಿಲ್ಲಲಾರೆ.

ಸೈಟಿನ ಹುಡುಗರಿಗೆ ಲೆಕ್ಕ ಕಲಿಸಿದ್ದೇನೆ: ಸೆಲ್ಸಿಯಸ್ ಅಂಕಿಯನ್ನು ಇಮ್ಮಡಿ ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆದು, 32 ಕೂಡಿಸಿ. 40ಕ್ಕೆ 80, ಎಂಟು ಕಳೆದರೆ 72, ಕೂಡಿಸಿದರೆ 104. ಪುಣೆಯಲ್ಲಿ 1897ರ ಏಪ್ರಿಲ್ 30ರಂದು ದಾಖಲಾದ 43.3 ಡಿಗ್ರಿ ಹೀಗೆ 110 ಆಗುತ್ತದೆ.

ಲೆಕ್ಕ ಮರೆತರೂ ಚಿಂತೆಯಿಲ್ಲ. ಬಿಸಿಲಲ್ಲಿ ದುಡಿಯುವವರು ತಡಬಡಾಯಿಸಿ ಮಾತಾಡಿದರೆ ಥರ್ಮಾಮೀಟರ್ ಹುಡುಕುತ್ತಾ ಕೂರಬೇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಮೈಗೆ ಸುರಿಯಿರಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.