ಇಪ್ಪತ್ತೊಂದನೆಯ ದಿನ

ನಮ್ಮ ಅಣ್ಣನವರ ಕಂಕುಳಲ್ಲಿ ಎದ್ದ ಗಂಟನ್ನು ಮೊದಮೊದಲು ನಾವು ಲಕ್ಷಿಸಲಿಲ್ಲ. ಅದರ ತುಣುಕನ್ನು ಪರೀಕ್ಷಿಸಿದ ಮಂಗಳೂರಿನ ವೈದ್ಯರು, ರೋಗಾಣುಗಳೊಡನೆ ಹೋರಾಡಬೇಕಾದ ಟಿ-ಜೀವಕೋಶಗಳಲ್ಲಿಯೇ ಹುಟ್ಟಿದ, ಬೇಗನೆ ಬೆಳೆಯುವ ಅಪರೂಪದ ಕ್ಯಾನ್ಸರ್ ಎಂದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಚಿಕಿತ್ಸೆಗೆ ನಾಲ್ಕು ಔಷಧಗಳು: ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೊಲೋನ್. ಒಂದರಿಂದ ತಪ್ಪಿಸಿಕೊಂಡ ಜೀವಕೋಶವನ್ನು ಇನ್ನೊಂದು ಹಿಡಿಯಲೆಂದೇ ಈ ಕೂಟ. ವಿನ್‌ಕ್ರಿಸ್ಟಿನ್ ದೊರೆಯುವುದು ನಿತ್ಯಪುಷ್ಪದ ಗಿಡದಿಂದ ಎಂದು ತಿಳಿದಾಗ ಅತ್ತಿಗೆಯವರು ಅಂಗಳದ ಗಿಡಕ್ಕೆ ಕೈಮುಗಿದರು. 21 ದಿನಗಳಿಗೊಮ್ಮೆ, ಒಟ್ಟು ಆರು ಸರದಿ. ನಡುವಿನ ದಿನಗಳಲ್ಲಿ ಎಲುಬಿನ ಮಜ್ಜೆ ಚೇತರಿಸಿಕೊಳ್ಳಬೇಕು; ತೀರ ತಡವಾದರೆ ರೋಗವೂ ಚೇತರಿಸಿಕೊಳ್ಳುವುದು.

ಮೂರನೆಯ ಸರದಿಯ ಹೊತ್ತಿಗೆ 2020ರ ಮಾರ್ಚ್ ತಿಂಗಳು; ತಲಪಾಡಿಯ ಹಾದಿ ಮುಚ್ಚಿತು. ಕಾಸರಗೋಡಿಗೆ ಸುಮಾರು 50 ಕಿ.ಮೀ. ದೂರದ ಮಂಗಳೂರು ಅಂದು ನಮಗೆ ಪರದೇಶವಾಯಿತು. ಒಂಬತ್ತು ದಿನ ತಡವಾಗಿ ತೆಂಕಣ ಊರೊಂದರ ಆಸ್ಪತ್ರೆಯನ್ನು ಸೇರಿದೆವು. ಅಲ್ಲಿಯ ನುಡಿ ಮಲಯಾಳ. ಚೀಟಿಯಲ್ಲಿದ್ದ ನಾಲ್ಕು ಹೆಸರುಗಳು ಮಾತ್ರ ಅವೇ. ಆ ಹೆಸರುಗಳನ್ನು ಕಂಡಾಗಲೇ ನಮಗೆ ಉಸಿರು ಬಂತು.

ಅಣ್ಣನವರು ಇಂದು ಅಡಕೆ ತೋಟದಲ್ಲಿ ನಡೆದಾಡುತ್ತಾರೆ. ಆದರೂ ಪಂಚಾಂಗ ತೆರೆದಾಗಲೆಲ್ಲ ಇಪ್ಪತ್ತೊಂದನೆಯ ದಿನವನ್ನು ಎಣಿಸುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ.