119ನೇ ನಂಬರಿನ ಬಾಗಿಲು

ಯಲಹಂಕ ಉಪನಗರದ ಒಂದು ಮನೆಯ ಮಹಡಿಯಲ್ಲಿ ದಿನವೂ ಬೆಳಿಗ್ಗೆ ಆರೂವರೆಗೆ ಪುಟ್ಟದೊಂದು ಪೂಜೆ ನಡೆಯುತ್ತದೆ. ದೇವರ ಮನೆಯದ್ದು ಬೇರೆ, ಅದನ್ನು ಮನೆಯಾಕೆ ಆಗಲೇ ಮುಗಿಸಿರುತ್ತಾರೆ. ಇದು ಕಪ್ಪು ಪರದೆಯ ಮುಂದೆ ಕೂತ ನಿವೃತ್ತ ಎಂಜಿನಿಯರರ ಪೂಜೆ. ಎಡಗೈಯಲ್ಲಿ ಕಾಫಿ ಲೋಟ, ಬಲಗೈ ಬೆರಳಲ್ಲಿ ಒಂದೇ ಸಾಲಿನ ಆಜ್ಞೆ. ಎಂಟರ್ ಒತ್ತಿದರೆ ಆ ಕಡೆಯಿಂದ ಮೂರಂಕಿಯ ಉತ್ತರ. 200 ಬಂದರೆ ಬಾಗಿಲು ತೆರೆದಿದೆ, ಓದಬಹುದು, ಬರೆಯಲೂಬಹುದು. 201 ಬಂದರೆ ಓದಿ, ಬಾಯಿ ಮಾತ್ರ ಮುಚ್ಚಿಕೊಂಡಿರಿ. 400 ಬಂದರೆ ಸದ್ಯಕ್ಕಿಲ್ಲ, ಆಮೇಲೆ ಬನ್ನಿ. 502 ಬಂದರೆ ಇನ್ನು ಬರುವುದೇ ಬೇಡ. ಸರ್ಕಾರಿ ಕಚೇರಿಯ ಕಿಟಕಿಗಳಲ್ಲೂ ಇಷ್ಟು ನೇರವಾಗಿ ಹೇಳುವ ಪದ್ಧತಿ ಇದ್ದಿದ್ದರೆ ಎಷ್ಟು ಚಪ್ಪಲಿ ಉಳಿಯುತ್ತಿತ್ತು ಎಂದು ಅವರು ಆಗಾಗ ಅನ್ನುವುದುಂಟು.

ಅವರು ಬಡಿಯುವುದು 119ನೇ ನಂಬರಿನ ಬಾಗಿಲನ್ನು. ಇಂಟರ್‌ನೆಟ್ಟಿನಲ್ಲಿ ಪ್ರತಿ ಸೇವೆಗೂ ಒಂದು ಪೋರ್ಟ್ ಸಂಖ್ಯೆ ಇರುತ್ತದೆ. ನ್ಯೂಸ್‌ಗ್ರೂಪುಗಳಿಗೆ ಸಂದದ್ದು 119. ಗುಟ್ಟಾಗಿ ಮಾತಾಡಬೇಕೆಂದರೆ 563.

ಬಾಗಿಲು ಹುಡುಕುವ ಈ ಚಟ ಅವರಿಗೆ ಹತ್ತಿದ್ದು ಹಳೆಯ ಬಾಗಿಲು ಮುಚ್ಚಿದ ಮೇಲೆ. ಡಯಲ್‌ಅಪ್ ಕಾಲದಿಂದ ನೆಚ್ಚಿಕೊಂಡಿದ್ದ ಸೇವಾದಾರರು (ಹೆಸರು ಬೇಡ, ಮುನಿಸು ಎಂದೋ ಆರಿದೆ) ಒಂದು ಸೋಮವಾರ ತಮ್ಮ ನ್ಯೂಸ್ ಸರ್ವರನ್ನು ಸದ್ದಿಲ್ಲದೆ ನಿಲ್ಲಿಸಿಬಿಟ್ಟಿದ್ದರು. ಸಹಾಯವಾಣಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗನಿಗೆ ಇವರು ಕೇಳುತ್ತಿರುವುದು ಏನೆಂದೇ ಹೊಳೆಯಲಿಲ್ಲ. ನ್ಯೂಸ್ ಬರುತ್ತಿಲ್ಲ ಎಂದರೆ ಕೇಬಲ್ಲಿನವರಿಗೆ ಹೇಳಿ ಸಾರ್ ಅಂದ. ಇವರು ಬಿಡಿಸಿ ಹೇಳಿದರು. ಹುಡುಗ ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ಮೋಡೆಮ್ ಆಫ್ ಮಾಡಿ ಆನ್ ಮಾಡಲು ಸೂಚಿಸಿದ.

ಹುಡುಗನದ್ದು ತಪ್ಪೇನಿಲ್ಲ. ನ್ಯೂಸ್‌ಗ್ರೂಪಿನಲ್ಲಿ ನ್ಯೂಸ್ ಇರುವುದೇ ಕಡಿಮೆ. ಇರುವುದೆಲ್ಲ ಹರಟೆ, ವಾದ, ಜ್ಞಾನ, ಜಗಳ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, 1979ರಲ್ಲಿ ಯೋಚಿಸಿದ ಈ ಏರ್ಪಾಟಿಗೆ ಯೂಸ್‌ನೆಟ್ ಎಂದು ಹೆಸರು. ಊರಿಗೊಂದು ಅರಳಿಕಟ್ಟೆ ಎಂದುಕೊಳ್ಳಿ. ಒಂದು ಕಟ್ಟೆಯಲ್ಲಿ ಆಡಿದ ಮಾತು ಪಕ್ಕದ ಊರಿನ ಕಟ್ಟೆಗೆ ದಾಟುತ್ತದೆ, ಅಲ್ಲಿಂದ ಮುಂದಿನ ಊರಿಗೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎಲ್ಲ ಕಟ್ಟೆಗಳಲ್ಲೂ ಅದೇ ಮಾತು. ಒಂದು ಸರ್ವರು ನೆರೆಯ ಸರ್ವರನ್ನು ‘ಇದು ನನ್ನಲ್ಲಿದೆ, ನಿನಗೆ ಬೇಕೇ?’ ಎಂದು ಕೇಳುವ ಆಜ್ಞೆಯ ಹೆಸರೇ ‘ಐಹ್ಯಾವ್’. ಬೇಕು ಅಥವಾ ಬೇಡ ಎಂಬ ಉತ್ತರ ಬರುತ್ತದೆ. ಯಾವ ಸಂದೇಶ ಯಾವ ಯಾವ ಊರು ದಾಟಿ ಬಂತು ಎಂಬುದು ಅದರ ತಲೆಯ ಮೇಲಿನ ‘ಪಾತ್’ ಸಾಲಿನಲ್ಲಿ ಅಂಚೆ ಮುದ್ರೆಯ ಹಾಗೆ ಬಿದ್ದಿರುತ್ತದೆ. ಮಾತು ಒಂದೇ ಜಾಗದಲ್ಲಿಲ್ಲ, ಕಟ್ಟೆಗೆ ಒಡೆಯನೂ ಇಲ್ಲ. ಒಬ್ಬ ಸೇವಾದಾರ ಕೈಬಿಟ್ಟರೆ ನಿಂತುಹೋಗುವುದು ನಮ್ಮ ಮನೆಯ ನಲ್ಲಿ ಮಾತ್ರ. ಕೆರೆ ಹಾಗೇ ಇರುತ್ತದೆ.

ಈ ಕೆರೆಯ ಮೊದಲ ನೀರು ಬೆಂಗಳೂರಿಗೆ ಬಂದ ದಾರಿಗಳಲ್ಲಿ ಒಂದು ಯಶವಂತಪುರದ ಮಗ್ಗುಲಲ್ಲೇ ಇದೆ. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯದು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಆರಂಭಿಸಿದ ಅರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲಿ ಐದು ಐಐಟಿಗಳ ಜೊತೆ ಇದೂ ಇತ್ತು. ಮುಂಬಯಿಯ ಎನ್‌ಸಿಎಸ್‌ಟಿಯ ಯಂತ್ರ ‘ಶಕ್ತಿ’ಯಾದರೆ ಇಲ್ಲಿಯದು ‘ವಿಜ್ಞಾನ್’. ನಮ್ಮ ಎಂಜಿನಿಯರು ತರುಣರಾಗಿದ್ದಾಗ ಸ್ನೇಹಿತನ ಬೆನ್ನಿಗೆ ಬಿದ್ದು ಸಂಸ್ಥೆಯ ಒಂದು ಟರ್ಮಿನಲ್ ಮುಂದೆ ಕೂತಿದ್ದರು. ಹಸಿರು ಅಕ್ಷರ, ಉದ್ದನೆಯ ಪಟ್ಟಿ. ಎಂಟು ದೊಡ್ಡ ಗೋತ್ರಗಳು: ಕಂಪ್ಯೂಟರಿಗೆ ಕಾಂಪ್, ವಿಜ್ಞಾನಕ್ಕೆ ಸೈ, ಹವ್ಯಾಸಕ್ಕೆ ರೆಕ್, ಸಮಾಜಕ್ಕೆ ಸೋಕ್, ಹೀಗೆ. ಅವುಗಳ ಆಚೆ ಕಡಿವಾಣವಿಲ್ಲದ ಆಲ್ಟ್. ಆರ್.ಟಿ. ನಗರ ಎಂದರೆ ರವೀಂದ್ರನಾಥ ಟ್ಯಾಗೋರ್ ನಗರ ಎಂಬುದನ್ನು ಮರೆತು ನಾವು ಬಸ್ಸು ಹತ್ತುವ ಹಾಗೆ, ಈ ತುಂಡು ಹೆಸರುಗಳನ್ನೂ ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಆ ಪಟ್ಟಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಳಿಯುತ್ತ ಹೋದರೆ ಸೋಕ್, ಕಲ್ಚರ್, ಇಂಡಿಯನ್, ಕೊನೆಗೆ ಕರ್ನಾಟಕ! ಸೋಕ್ ಗೋತ್ರದಲ್ಲಿ ಹೊಸ ಗುಂಪು ಹುಟ್ಟಬೇಕಾದರೆ ಆಗ ಚರ್ಚೆ ನಡೆಯಬೇಕಿತ್ತು, ಮತದಾನ ಆಗಬೇಕಿತ್ತು. ಬೇಡ ಎನ್ನುವವರಿಗಿಂತ ಬೇಕು ಎನ್ನುವವರು ಕನಿಷ್ಠ ನೂರು ಹೆಚ್ಚು, ಮೂರರಲ್ಲಿ ಎರಡು ಪಾಲು ಒಪ್ಪಿಗೆ. ಗ್ರಾಮ ಪಂಚಾಯಿತಿಗೂ ಇಷ್ಟು ಕಟ್ಟುನಿಟ್ಟಿಲ್ಲ. ಅಲ್ಲಿ ಕನ್ನಡ ಇಂಗ್ಲಿಷ್ ಅಕ್ಷರದ ವೇಷದಲ್ಲಿರುತ್ತಿತ್ತು. ಏಳು ಬಿಟ್ಟಿನ ಆಸ್ಕಿ ಸಂಕೇತದಲ್ಲಿ ಬೇರೆ ಲಿಪಿಗೆ ಎಡೆಯೇ ಇರಲಿಲ್ಲ. ಹಾಗಾಗಿ ಜನ ದೊಡ್ಡಕ್ಷರದ ಎನ್ನಿಗೆ ಣಕಾರ, ದೊಡ್ಡಕ್ಷರದ ಎಲ್ಲಿಗೆ ಳಕಾರ ಎಂದು ತಾವೇ ವ್ಯಾಕರಣ ಕಟ್ಟಿಕೊಂಡರು. ಸಂಗೀತದವರಿಗೆ ರೆಕ್ ಗೋತ್ರದಲ್ಲಿ ಭಾರತೀಯ ಶಾಸ್ತ್ರೀಯ ಸಂಗೀತದ ಗುಂಪಿತ್ತು, ಕ್ರಿಕೆಟ್ಟಿನವರಿಗೆ ಅವರದ್ದು. ಕಾಂಪ್ ಗೋತ್ರದ ಮಿನಿಕ್ಸ್ ಗುಂಪಿನಲ್ಲಿ 1991ರ ಆಗಸ್ಟ್ 25ರಂದು ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ದೊಡ್ಡದೇನೂ ಆಗಲಿಕ್ಕಿಲ್ಲ ಎಂಬ ಅರ್ಥದ ಟಿಪ್ಪಣಿ ಹಾಕಿದ. ಆತ ಲೀನಸ್ ಟೋರ್ವಾಲ್ಡ್ಸ್. ಇವತ್ತು ಹೆಬ್ಬಾಳದ ಸುತ್ತಲಿನ ಗಾಜಿನ ಕಟ್ಟಡಗಳಲ್ಲಿ ದುಡಿಯುವ ಅದೆಷ್ಟೋ ಮಂದಿಯ ಅನ್ನ ಆ ಟಿಪ್ಪಣಿಯ ಬುಡದಲ್ಲಿದೆ.

ಹಾಗಾದರೆ ಸೇವಾದಾರರು ಯಾಕೆ ಕೈಬಿಟ್ಟರು? ಲೋಕದೆಲ್ಲೆಡೆ ಕತೆ ಒಂದೇ. ಬರಹದ ಸಂದೇಶ ತಿನ್ನುವ ಜಾಗ ಹಿಡಿಯಷ್ಟು. ಆದರೆ ಆಲ್ಟ್ ಗೋತ್ರದ ಕೆಲವು ಗುಂಪುಗಳಲ್ಲಿ ಜನ ಸಿನಿಮಾ, ಸಾಫ್ಟ್‌ವೇರುಗಳನ್ನೇ ತುಂಡು ತುಂಡು ಮಾಡಿ ಸುರಿಯತೊಡಗಿದರು. ಆ ಹೊರೆ ಈಗ ದಿನಕ್ಕೆ ನೂರಾರು ಟೆರಾಬೈಟ್. ಜೊತೆಗೆ ಜಾಹೀರಾತಿನ ಕಸ, ಕಾನೂನಿನ ಭಯ. 2008ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಆಂಡ್ರ್ಯೂ ಕ್ವೋಮೊ ಮಕ್ಕಳ ಅಶ್ಲೀಲ ಚಿತ್ರಗಳ ವಿರುದ್ಧ ಒತ್ತಡ ಹೇರಿದಾಗ ಅಲ್ಲಿನ ದೊಡ್ಡ ಕಂಪನಿಗಳು ಕಳೆಯ ಜೊತೆ ಪೈರನ್ನೂ ಕಿತ್ತವು. 2010ರ ಮೇ 20ರಂದು ಖುದ್ದು ಡ್ಯೂಕ್ ವಿಶ್ವವಿದ್ಯಾಲಯವೇ, ಯೂಸ್‌ನೆಟ್ಟಿನ ತವರುಮನೆಯೇ, ತನ್ನ ಸರ್ವರನ್ನು ಆರಿಸಿತು. ತವರೇ ಹಾಗೆ ಮಾಡಿದ ಮೇಲೆ ಬೆಂಗಳೂರಿನ ಒಂದು ಕಂಪನಿಯನ್ನು ಬೈದು ಫಲವೇನು ಎಂದು ನಮ್ಮ ಎಂಜಿನಿಯರು ಸಮಾಧಾನ ಮಾಡಿಕೊಂಡದ್ದು ಆ ದಿನ.

ಅವರ ಹುಡುಕಾಟ ಶುರುವಾದದ್ದು ಮಾತ್ರ ಅದಕ್ಕೂ ಮುಂಚೆ. ಮೊದಲು ಸಿಕ್ಕಿದ್ದು ಯಾರು ಬೇಕಾದರೂ ಬರಬಹುದಾದ ತೆರೆದ ಸರ್ವರುಗಳು. ಯಾವನೋ ಆಡಳಿತಗಾರ ಬೀಗ ಹಾಕಲು ಮರೆತವು ಕೆಲವು, ಔದಾರ್ಯದಿಂದ ತೆರೆದಿಟ್ಟವು ಕೆಲವು. ಇವತ್ತು ಇದ್ದದ್ದು ನಾಳೆ ಇಲ್ಲ. ರಾತ್ರಿ ಊಟವಾದ ಮೇಲೆ ಒಂದೊಂದೇ ವಿಳಾಸದ 119ನೇ ಬಾಗಿಲನ್ನು ಟೆಲ್ನೆಟ್ಟಿನಿಂದ ಬಡಿದು ನೋಡುವುದು, 200ಕ್ಕೆ ಹಿಗ್ಗುವುದು, 502ಕ್ಕೆ ಗೀಟು ಹಾಕುವುದು. ಸಂದೇಶ ಓದುವುದಕ್ಕಿಂತ ಬಾಗಿಲು ಬಡಿಯುವುದರಲ್ಲೇ ರುಚಿ ಹುಟ್ಟಿದ್ದು ಆಗ. ಮೀನು ಬೀಳದಿದ್ದರೂ ಗಾಳ ಹಾಕಿ ಕೂರುವವರಿಗೆ ಇದು ಅರ್ಥವಾಗುತ್ತದೆ.

ದುಡ್ಡು ಕೊಟ್ಟರೆ ಟ್ಯಾಂಕರ್ ಬರುತ್ತದೆ, ಅದೂ ಇತ್ತು. ತಿಂಗಳ ಬಾಡಿಗೆಗೆ ವರ್ಷಗಟ್ಟಲೆ ಹಳೆಯ ಸರಕನ್ನೂ ಇಳಿಸಿಕೊಡುವ ಅಂಗಡಿಗಳು. ಆದರೆ ಅವು ಮುಖ್ಯವಾಗಿ ಸಿನಿಮಾ ಸುರಿಯುವವರ ಅಂಗಡಿಗಳು; ಬರೀ ಅಕ್ಷರ ಓದುವವನಿಗೆ ಟ್ಯಾಂಕರ್ ಯಾಕೆ, ಬಿಂದಿಗೆ ಸಾಕು. ಬರ್ಲಿನ್ನಿನ ಫ್ರೀ ವಿಶ್ವವಿದ್ಯಾಲಯದಿಂದ ಹೊರಟ ಇಂಡಿವಿಜುವಲ್ ಡಾಟ್ ನೆಟ್ ಅಂಥದೊಂದು ಬಿಂದಿಗೆ: ಮೊದಲು ಪುಕ್ಕಟೆಯಾಗಿದ್ದದ್ದು 2005ರಿಂದ ವರ್ಷಕ್ಕೆ ಹತ್ತು ಯೂರೋ. ಬೆಲೆ ಕಡಿಮೆಯೇ, ಯೂರೋದಲ್ಲಿ ಕಳಿಸುವ ಉಸಾಬರಿಯೇ ದೊಡ್ಡದು.

ಸರ್ವರು ಬದಲಿಸಿದವರಿಗೆ ಮಾತ್ರ ಗೊತ್ತಿರುವ ಒಂದು ಸಂಕಟವಿದೆ. ಓದುವ ತಂತ್ರಾಂಶ ನೀವು ಯಾವ ಗುಂಪಿನಲ್ಲಿ ಎಷ್ಟು ಓದಿದ್ದೀರಿ ಎಂಬುದನ್ನು ‘ನ್ಯೂಸ್‌ಆರ್‌ಸಿ’ ಎಂಬ ಕಡತದಲ್ಲಿ ಬರೆದಿಟ್ಟಿರುತ್ತದೆ. ಒಂದರಿಂದ ಐದು ಸಾವಿರದವರೆಗೆ ಓದಿಯಾಯಿತು ಎಂಬ ಹಾಗೆ. ಆ ಅಂಕಿ ಸಂದೇಶದ್ದಲ್ಲ, ಸರ್ವರಿನದ್ದು. ಪ್ರತಿ ಸರ್ವರೂ ತನಗೆ ಬಂದ ಸಂದೇಶಗಳಿಗೆ ತನ್ನದೇ ಕ್ರಮದಲ್ಲಿ ನಂಬರು ಹಾಕುತ್ತದೆ. ಆದ್ದರಿಂದ ಹೊಸ ಬಾಗಿಲಿನಿಂದ ಒಳಹೊಕ್ಕರೆ ಎಲ್ಲ ಅಯೋಮಯ: ಓದಿದ್ದು ಹೊಸದಾಗಿ ಕಾಣುತ್ತದೆ, ಹೊಸದು ಓದಿದಂತೆ ಮರೆಯಾಗುತ್ತದೆ. ಬದಲಾಗದೆ ಉಳಿಯುವುದು ಮೆಸೇಜ್ ಐಡಿ ಒಂದೇ, ಹುಟ್ಟುಮಚ್ಚೆಯ ಹಾಗೆ. ನಮ್ಮ ಎಂಜಿನಿಯರು ಒಂದು ಶನಿವಾರ ಪೂರ್ತಿ ಕೂತು, ಆ ಐಡಿಗಳನ್ನು ಹಿಡಿದು ಹಳೆ ನಂಬರಿಗೆ ಹೊಸ ನಂಬರು ಹೊಂದಿಸುವ ಪುಟ್ಟ ಪ್ರೋಗ್ರಾಂ ಬರೆದರು. ಎಲ್ಲವನ್ನೂ ಓದಿದ್ದೇನೆ ಎಂದು ಗುರುತು ಹಾಕಿ ಮುಂದೆ ಸಾಗುವ ‘ಕ್ಯಾಚಪ್’ ಆಜ್ಞೆ ಒಂದೇ ಅಕ್ಷರದ್ದು, ಅದನ್ನು ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ಹವ್ಯಾಸಕ್ಕೂ ಉದ್ಯೋಗಕ್ಕೂ ಇರುವ ವ್ಯತ್ಯಾಸ ಇಲ್ಲೇ ಇರುವುದು.

ಮುಂದೆ ಲೀಫ್‌ನೋಡ್ ಎಂಬ ತಂತ್ರಾಂಶ ಸಿಕ್ಕಿತು. ಅದು ಮನೆಯ ಸಂಪಿನ ಹಾಗೆ. ನೀರು ಬಿಟ್ಟಾಗ ತುಂಬಿಸಿಕೊಂಡು ಆಮೇಲೆ ನಿಧಾನವಾಗಿ ಬಳಸುವುದು. ರಾತ್ರಿ ಅದು ಹೊರಗಿನ ಸರ್ವರಿಗೆ ಹೋಗಿ ಎಂಜಿನಿಯರಿಗೆ ಬೇಕಾದ ಏಳೆಂಟು ಗುಂಪುಗಳ ಸಂದೇಶಗಳನ್ನಷ್ಟೇ ತಂದಿಟ್ಟುಕೊಳ್ಳುತ್ತದೆ, ಹಗಲು ಮನೆಯೊಳಗೇ ಸರ್ವರಿನಂತೆ ವರ್ತಿಸುತ್ತದೆ. ಹೊರಗಿನ ಬಾಗಿಲು ಬದಲಾದರೂ ಒಳಗಿನ ನಂಬರುಗಳು ಅಲುಗುವುದಿಲ್ಲ. ಆ ಶನಿವಾರದ ಪ್ರೋಗ್ರಾಂ ಅಲ್ಲಿಗೆ ನಿವೃತ್ತವಾಯಿತು.

ಗೂಗಲ್ಲಿನದು ಬೇರೆಯೇ ಅಧ್ಯಾಯ. ಡೇಜಾ ನ್ಯೂಸ್ ಎಂಬ ಕಂಪನಿ 1995ರಿಂದ ಕೂಡಿಟ್ಟ ಸಂದೇಶಗಳನ್ನು 2001ರಲ್ಲಿ ಗೂಗಲ್ ಕೊಂಡಿತು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹೆನ್ರಿ ಸ್ಪೆನ್ಸರ್ ಟೇಪುಗಳಲ್ಲಿ ಜೋಪಾನ ಮಾಡಿದ್ದ 1981ರಿಂದೀಚಿನ ಸಂದೇಶಗಳೂ ಅದಕ್ಕೆ ಸೇರಿದವು. ಸರ್ವರೂ ಬೇಡ, ಲೀಫ್‌ನೋಡೂ ಬೇಡ. ಬ್ರೌಸರ್ ತೆರೆದರೆ ಆಯಿತು. ಸುಲಭವಾದದ್ದೇ ಕೇಡಾಯಿತು. ಅದೇ ಹೆಬ್ಬಾಗಿಲಿನಿಂದ ಜಾಹೀರಾತಿನ ದಂಡೂ ನುಗ್ಗಿತು. ಒಂದು ಕಾಲದಲ್ಲಿ ಮಾತು ತುಂಬಿದ್ದ ಗುಂಪುಗಳಲ್ಲಿ ಔಷಧಿ, ಸಾಲ, ವಶೀಕರಣ. 2024ರ ಫೆಬ್ರುವರಿ 22ರಂದು ಗೂಗಲ್ ಗ್ರೂಪ್ಸ್ ಯೂಸ್‌ನೆಟ್ಟಿಗೆ ಹೊಸ ಸಂದೇಶ ಸ್ವೀಕರಿಸುವುದನ್ನು ನಿಲ್ಲಿಸಿತು. ಹಳೆಯದನ್ನು ಹುಡುಕಬಹುದು, ಅಷ್ಟೆ. ಆ ದಿನ ಅನೇಕರು ಯೂಸ್‌ನೆಟ್ ಸತ್ತಿತು ಎಂದರು. ಯಲಹಂಕದ ಮಹಡಿಯಲ್ಲಿ ಆದದ್ದು ಉಲ್ಟಾ: ಕಸ ತಟಕ್ಕನೆ ಕಡಿಮೆಯಾಯಿತು. ಹಬ್ಬ ಮುಗಿದ ಮಾರನೆಯ ದಿನ ರಸ್ತೆ ಗುಡಿಸಿದ ಹಾಗೆ.

ಈಗ ಅವರು ಹೋಗುವ ಬಾಗಿಲಿನ ಹೆಸರು ಎಟರ್ನಲ್ ಸೆಪ್ಟೆಂಬರ್, ಎಂದೂ ಮುಗಿಯದ ಸೆಪ್ಟೆಂಬರ್. ಹೆಸರು ಕೊಟ್ಟು ನೋಂದಾಯಿಸಿಕೊಂಡರೆ ಸಾಕು, ಹಣವಿಲ್ಲ. ಅಕ್ಷರ ಮಾತ್ರ, ಸಿನಿಮಾ ಗಿನಿಮಾ ಇಲ್ಲ. ಹೆಸರಿನ ಹಿಂದೆ ಹಳೆಯ ಗೊಣಗಾಟವಿದೆ. ಅಮೆರಿಕದಲ್ಲಿ ಸೆಪ್ಟೆಂಬರ್ ಬಂದರೆ ಕಾಲೇಜಿಗೆ ಹೊಸಬರು ಸೇರಿ ನ್ಯೂಸ್‌ಗ್ರೂಪಿಗೆ ನುಗ್ಗುತ್ತಿದ್ದರು; ರೀತಿನೀತಿ ಕಲಿಯಲು ಅವರಿಗೆ ತಿಂಗಳು ಬೇಕಾಗುತ್ತಿತ್ತು. 1993-94ರ ಹೊತ್ತಿಗೆ ಎಒಎಲ್‌ನಂಥ ಕಂಪನಿಗಳು ತಮ್ಮ ಲಕ್ಷಾಂತರ ಚಂದಾದಾರರಿಗೆ ಗೇಟು ತೆರೆದವು, ಹೊಸಬರ ಪ್ರವಾಹ ನಿಲ್ಲಲೇ ಇಲ್ಲ. ಹಳಬರ ಪಂಚಾಂಗದ ಪ್ರಕಾರ ಇಂದಿಗೂ 1993ರ ಸೆಪ್ಟೆಂಬರೇ ನಡೆಯುತ್ತಿದೆ, ತಾರೀಖು ಮಾತ್ರ ಹನ್ನೊಂದು ಸಾವಿರ ದಾಟಿದೆ. ನಿಜವೇನೆಂದರೆ ಹೊಸಬರು ಬರುವುದು ನಿಂತೇ ಎಷ್ಟೋ ಕಾಲವಾಯಿತು. ಈಗೊಬ್ಬ ಹೊಸಬ ತಪ್ಪಿ ಬಂದರೆ ಮುದುಕರೆಲ್ಲ ಸೇರಿ ಅವನಿಗೆ ಕುರ್ಚಿ ಎಳೆದು ಕೂರಿಸುತ್ತಾರೆ.

ಮೊನ್ನೆ ಮಳೆ ಹಿಡಿದಿದ್ದ ಸಂಜೆ ಎಂಜಿನಿಯರಿಗೆ ಒಂದು ಹುಕಿ ಬಂತು. ಇಷ್ಟು ವರ್ಷ ಇಂಗ್ಲಿಷ್ ಅಕ್ಷರದಲ್ಲೇ ದಿನ ನೂಕಿಯಾಯಿತು, ಒಮ್ಮೆ ಕನ್ನಡ ಲಿಪಿಯಲ್ಲೇ ಬರೆದರೆ? ಪರೀಕ್ಷೆಗೆಂದೇ ಮೀಸಲಾದ ಗುಂಪಿಗೆ ‘ಪರೀಕ್ಷೆ’ ಎಂಬ ಶೀರ್ಷಿಕೆಯ ಸಂದೇಶ ಕಳಿಸಿದರು. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ತೂಕ ಹೆಚ್ಚು, ಆದರೂ ಸಂದೇಶ ಸುಸೂತ್ರವಾಗಿ ದಾಟಿತು. ಮರಳಿ ತೆರೆದು ನೋಡಿದರೆ ಅವರ ಮುದಿ ಟರ್ಮಿನಲ್ಲಿಗೆ ಒತ್ತಕ್ಷರದ ಅಭ್ಯಾಸವೇ ಇಲ್ಲ: ಕ್ಷಕಾರ ಮುರಿದು ಒಂದು ಕಡೆ ಕಕಾರದ ಅರ್ಧ, ಇನ್ನೊಂದು ಕಡೆ ಒಂಟಿ ಷಕಾರ, ನಡುವೆ ಹಲ್ಲು ಬಿದ್ದಂಥ ಸಂದು. ಹೊಸ ಟರ್ಮಿನಲ್ ಹಾಕಿಕೊಳ್ಳಬಹುದಿತ್ತು. ಅವರು ಅದನ್ನು ಮಾಡಲಿಲ್ಲ. ಕಾಗದ ಪೆನ್ನು ತೆಗೆದುಕೊಂಡು, ಒತ್ತಕ್ಷರವೇ ಇಲ್ಲದ ಕನ್ನಡ ಪದಗಳನ್ನು ಪಟ್ಟಿ ಮಾಡುತ್ತ ಕೂತರು. ಮನೆ, ಮರ, ಮೋಡ, ಕೆರೆ, ಬಾಗಿಲು. ರಾತ್ರಿ ಒಂಬತ್ತೂವರೆಗೆ ಎರಡನೆಯ ಸಂದೇಶ ಹೋಯಿತು. ಶೀರ್ಷಿಕೆ: ಯಲಹಂಕದಿಂದ. ಒಳಗೆ ಒಂದೇ ಸಾಲು: ಮಳೆ ಬರುತಿದೆ.